ಸ್ಕ್ರೂ ಸುತ್ತಲಿನ ಗೀರು

ಕೋವಿ ರಿಪೇರಿ ಮಾಡುವ ಆಚಾರಿಯ ಮುಂದೆ ಆಕೆ ಗಂಡನ ಸ್ಟೀಲ್ ರಿವಾಲ್ವರ್ ತೆಗೆದಿಟ್ಟಳು. ಹಿಡಿಯ ಮೇಲಿನ ಸ್ಕ್ರೂ ಸುತ್ತ ಸಣ್ಣ ಸಣ್ಣ ಗೀರುಗಳಿದ್ದವು.

“ಆಯುಧಪೂಜೆಗೆ ಮುಂಚೆ ಈ ಗೀರು ಹೋಗಬೇಕು ಆಚಾರ್ರೇ. ಅವರ ಕಣ್ಣಿಗೆ ಬೀಳಬಾರದು.”

“ಇದನ್ನ ಯಾರಮ್ಮ ಚಾಕು ಹಾಕಿ ತಿರುವಿರೋದು?”

ಆಕೆ ರಿವಾಲ್ವರನ್ನು ಅವನತ್ತ ಇನ್ನಷ್ಟು ಸರಿಸಿದಳು.

“ಇರ್ಲಿ ಬಿಡಿ. ಸ್ಟೀಲಿನ ಪಾಲಿಶ್ ಗೆರೆ ಯಾವ ಕಡೆಗಿದೆಯೋ ಆ ಕಡೆಗೇ ಮೆಲ್ಲಗೆ ಉಜ್ಜಿದ್ರೆ ಗುರುತೂ ಉಳಿಯಲ್ಲ. ಅಡ್ಡ ಉಜ್ಜಿದ್ರೆ ಕೆಟ್ಟಂಗೇ. ನಾಳೆ ಬನ್ನಿ.”

ಮರುದಿನ ಆಕೆಯನ್ನು ಕಂಡೊಡನೆ ಆಚಾರಿಯ ಮುಖ ಅರಳಿತು.

“ಗೀರು ಈಗ ಹುಡುಕಿದ್ರೂ ಸಿಗಲ್ಲ. ಆದ್ರೆ ಒಳಗೆ ನೋಡ್ತೀನಿ, ಗುಂಡಿಗೆ ಹೊಡೆಯೋ ಪಿನ್ನೇ ಇಲ್ಲ! ಟ್ರಿಗರ್ ಎಷ್ಟು ಎಳೆದ್ರೂ ಗುಂಡು ಹಾರ್ತಿರಲಿಲ್ಲ. ಕೆಲಸ ಮಾಡದ ಆಯುಧನ ಪೂಜೆಗೆ ಇಡಬಾರದಲ್ಲ, ಅದಕ್ಕೆ ನಾನೇ ಹೊಸ ಪಿನ್ ಕೂರಿಸಿದೆ.”

ಆಕೆ ಮೇಜಿನ ಮೇಲೆ ಬಾಗಿದಳು.

“ತೆಗೀರಿ ಅದನ್ನ. ಈಗಲೇ ತೆಗೀರಿ. ಪಿನ್ ಕಿತ್ತಿದ್ದು ನಾನೇ.”

“ಯಾಕಮ್ಮ?”

“ಕುಡಿದಾಗಲೆಲ್ಲ ಅದನ್ನ ನನ್ನ ಹಣೆಗೆ ಹಿಡೀತಾರೆ.”

ಆಚಾರಿ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟ.

“ಕೊಡೋವಾಗ ಲೈಸೆನ್ಸ್ ಇರೋರ ಕೈಗೇ ಕೊಡಬೇಕಲ್ಲಮ್ಮ, ಅದಕ್ಕೆ ಬೆಳಿಗ್ಗೆ ಫೋನ್ ಮಾಡಿದ್ದೆ. ನಿಮ್ಮ ಸಾಹೇಬ್ರು ಈಗಷ್ಟೇ ಬಂದು ತಗೊಂಡು ಹೋದ್ರು. ‘ಪಿನ್ ಇರ್ಲಿಲ್ವಾ?’ ಅಂತ ಎರಡೆರಡು ಸಲ ಕೇಳಿದ್ರು.”