ಇಂದುಮತಿಯ ಪಲ್ಯ

ಮನಸ್ಸಿನ ಕಾಯಿಲೆಗೆಂದು ರಜೆ ಹಾಕಿದ್ದ ಇಂದುಮತಿ ಕಚೇರಿಗೆ ಮರಳಿದಂದಿನಿಂದ ಅಂಬುಜಾಕ್ಷಿಯ ಹೊಟ್ಟೆಯಲ್ಲಿ ಸಣ್ಣಗೆ ಕಿಚ್ಚು ಹತ್ತಿಕೊಂಡಿತ್ತು. ಕಿಟಕಿ ಪಕ್ಕದ ಕುರ್ಚಿ ಅವಳಿಗೆ, ಹಗುರವಾದ ಕೆಲಸ ಅವಳಿಗೆ. ಅದೆಲ್ಲ ಹಾಳಾಗಿ ಹೋಗಲಿ, ಮಧ್ಯಾಹ್ನ ಊಟಕ್ಕೆ ಕೂತರೆ ಎಲ್ಲರ ಕೈಯೂ ಮೊದಲು ಹೋಗುವುದು ಅವಳ ಡಬ್ಬಿಗೇ. ಇಷ್ಟು ವರ್ಷ ಅಂಬುಜಾಕ್ಷಿಯ ಪುಳಿಯೋಗರೆಗೆ ಸಿಗುತ್ತಿದ್ದ ಹೊಗಳಿಕೆಯೆಲ್ಲ ಈಗ ಅವಳ ಪಲ್ಯದ ಪಾಲು.

“ಆಹಾ, ಏನ್ ರುಚಿ ಮೇಡಂ!” ಎಂದರು ಮ್ಯಾನೇಜರ್, ಎಳೆಮಗುವನ್ನು ರಮಿಸುವ ದನಿಯಲ್ಲಿ.

“ನಿಮ್ಮ ಕೈಗುಣಾನೇ ಹಾಗೆ ಅಕ್ಕಾ,” ಎಂದಳು ಟೈಪಿಸ್ಟ್.

ಹಠಕ್ಕೆ ಬಿದ್ದು ಆ ಡಬ್ಬಿಯನ್ನು ಈವರೆಗೆ ಮುಟ್ಟದಿದ್ದ ಅಂಬುಜಾಕ್ಷಿಗೆ ಇವತ್ತು ತಡೆಯಲಾಗಲಿಲ್ಲ. ಒಂದು ತುತ್ತು ಬಾಯಿಗಿಟ್ಟವಳೇ, “ಎಲ್ಲಿದೆಯಮ್ಮಾ ರುಚಿ? ಉಪ್ಪೇ ಹಾಕಿಲ್ವಲ್ಲೇ! ದನಾನೂ ಮೂಸಲ್ಲ ಇದನ್ನ,” ಎಂದುಬಿಟ್ಟಳು.

ಎಲ್ಲರ ಕೈ ಅಲ್ಲಲ್ಲೇ ನಿಂತಿತು. ಮ್ಯಾನೇಜರ್ ಕಣ್ಣಲ್ಲೇ ಗದರಿದರು. ಇಂದುಮತಿ ಇನ್ನೇನು ಅತ್ತೇಬಿಡುತ್ತಾಳೆ ಎಂದುಕೊಂಡರು ಎಲ್ಲರೂ.

ಅವಳು ಮಾತ್ರ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಅಂಬುಜಾಕ್ಷಿಯ ಕೈ ಹಿಡಿದುಕೊಂಡು, ಕೆಲಸಕ್ಕೆ ಮರಳಿದ ಮೇಲೆ ಮೊದಲ ಸಲ ಬಾಯ್ತುಂಬ ನಕ್ಕಳು.

“ಸೋಮವಾರದಿಂದ ಉಪ್ಪಿಲ್ಲದೇನೇ ತರ್ತಿದೀನಿ ಕಣೇ, ಒಬ್ರಾದ್ರೂ ನನ್ನ ಹತ್ರ ನಿಜ ಹೇಳ್ತಾರಾ ಅಂತ.”