ಮಂಚದ ಕೆಳಗಿನ ಬಟ್ಟಲು

ಬಾಣಂತಿ ಕೋಣೆಯಲ್ಲಿ ಮೊಸರಿನ ವಾಸನೆ ಬಂದರೆ ನನಗೆ ಗೊತ್ತಾಗುವುದಿಲ್ಲವೇ? ಬಗ್ಗಿ ನೋಡಿದೆ. ಮಗಳ ಮಂಚದ ಕೆಳಗೆ ಒಂದು ಬಟ್ಟಲು. ಮೊಸರಲ್ಲಿ ನೆನೆಸಿದ ಅವಲಕ್ಕಿ, ಉಪ್ಪಿನಕಾಯಿಯ ರಸ, ಮೇಲೆ ಪುಡಿ ಮಾಡಿದ ಹಪ್ಪಳ. ನನ್ನ ಅಮ್ಮ ಹೇಳಿದ ಪಥ್ಯದಲ್ಲಿ ಬಾಣಂತಿಗೆ ಅನ್ನ, ತುಪ್ಪ, ಮೆಣಸಿನ ಸಾರು, ಅಷ್ಟೇ.

"ಯಾರೇ ತಂದಿಟ್ಟಿದ್ದು?"

ಮಗಳು ಮಗುವಿನ ಕುಲಾವಿ ಸರಿಮಾಡುತ್ತ ಕೂತಳು.

"ನಿನ್ನ ಗಂಡನ ಕೆಲಸ ತಾನೆ? ಬಂದಾಗಲೆಲ್ಲ ಚೀಲ ಹಿಡಿದೇ ಒಳಗೆ ಬರ್ತಾರೆ."

"ಅದ್ರಲ್ಲಿ ಮಗು ಬಟ್ಟೆ ಇತ್ತಮ್ಮ."

"ನಂಗೆ ಹೇಳ್ಬೇಡ. ನಿನ್ನ ಹೆತ್ತಾಗ ನಿಮ್ಮಪ್ಪನೂ ನಂಗೆ ಥೇಟ್ ಇದನ್ನೇ ಕದ್ದು ತಂದಿಡ್ತಿದ್ರು. ಕೇಳಿದ್ರೆ ಬರೀ ನಗೋರು."

ಆ ಒಂದು ಬಟ್ಟಲಿಗಾಗಿ ಅವರ ಎಷ್ಟು ತಪ್ಪುಗಳನ್ನು ಮೂವತ್ತು ವರ್ಷ ಹೊಟ್ಟೆಗೆ ಹಾಕಿಕೊಂಡಿದ್ದೆನೋ.

ಒಂದು ಚಮಚ ಬಾಯಿಗಿಟ್ಟೆ. ಅದೇ ರುಚಿ. ಆದರೆ ಇದರಲ್ಲಿ ಒಂದು ಚೂರು ಬೆಲ್ಲ ಇತ್ತು.

"ಬೆಲ್ಲ ಯಾಕೆ ಹಾಕಿದಾರೆ?"

ಉತ್ತರ ಬಂದದ್ದು ಬಾಗಿಲ ಕಡೆಯಿಂದ. ಗೋಡೆ ಹಿಡಿದು ನಿಂತಿದ್ದ ಅಮ್ಮ ಅಂದಳು:

"ನಿಂಗೆ ಮಾಡಿದಾಗ ಖಾರ ಜಾಸ್ತಿ ಆಗಿತ್ತಲ್ಲ, ಅದಕ್ಕೇ ಈ ಸಲ ಬೆಲ್ಲ ಹಾಕಿ ನೋಡ್ದೆ."