ಬಲಗೈಗೆ ಸಿಕ್ಕ ಮೀನು

ಮೂರನೇ ಸಲವೂ ಅತ್ತಿಗೆ ಎಸೆದ ಗಾಳ ನೀರಿಗೆ ಬೀಳದೆ ಬೆನ್ನ ಹಿಂದಿನ ಪೊದೆಗೆ ಸಿಕ್ಕಿಕೊಂಡಿತು. ನಾದಿನಿ ನಗು ತಡೆದುಕೊಂಡು ಅದನ್ನು ಬಿಡಿಸಿ ತಂದಳು.

"ಮೀನು ನೀರಲ್ಲಿರುತ್ತೆ ಅತ್ತಿಗೆ, ಗಿಡದಲ್ಲಲ್ಲ."

"ನಗು, ನಗು. ಎಡಗೈಯಲ್ಲಿ ಎಸೆದು ನೋಡು, ನಿನಗೂ ಗೊತ್ತಾಗುತ್ತೆ."

ಅತ್ತಿಗೆ ಬಟ್ಟೆ ಹೊಲಿದು ಬದುಕಿದವಳು. ಪಾರ್ಶ್ವವಾಯು ಹೊಡೆದ ಮೇಲೆ ಅವಳ ಬಲಗೈ ಸೊಂಟದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಬೆರಳು ಮಡಚುತ್ತಿದ್ದವು, ಆದರೆ ಒಂದು ಚಮಚವನ್ನು ಬಾಯಿಯವರೆಗೆ ತರುವಷ್ಟು ಕಸುವಿರಲಿಲ್ಲ. ಕೈ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟು ಹೇಳಿದ್ದರು. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಅವಳು ಮಂಚದ ಕೆಳಗೆ ಉರುಳಿಸಿಬಿಟ್ಟಿದ್ದಳು. ಹೊಲಿಗೆ ಯಂತ್ರದ ಮೇಲೆ ಹೊದಿಸಿದ ಬಟ್ಟೆಯನ್ನು ಯಾರೂ ಮುಟ್ಟಕೂಡದೆಂದು ಮನೆಯವರಿಗೆಲ್ಲ ಕಟ್ಟಪ್ಪಣೆ. ನರ್ಸ್ ಕೆಲಸದ ನಾದಿನಿಗೆ ರಜೆ ಸಿಕ್ಕರೆ ಹೊಳೆಯೇ ಗತಿ. ಬೇಡ ಬೇಡವೆಂದರೂ ಬಿಡದೆ ಇವತ್ತು ಅತ್ತಿಗೆಯನ್ನೂ ಎಳೆದು ತಂದಿದ್ದಳು.

ನಾದಿನಿಯ ಗಾಳಕ್ಕೆ ಎರೆಹುಳು ಬೇಕಿರಲಿಲ್ಲ. ಅಕ್ಕಿಕಾಳಿನಷ್ಟು ಕೊಕ್ಕೆಗೆ ಗರಿಯ ಚೂರಿಟ್ಟು, ದಾರ ಸುತ್ತಿ, ತಾನೇ ನೊಣದಂತೆ ಮಾಡುತ್ತಿದ್ದಳು. ನೀರಿನ ಮೇಲೆ ತೇಲುವ ಅದನ್ನು ನಿಜವಾದ ನೊಣವೆಂದುಕೊಂಡು ಸಣ್ಣ ಮೀನುಗಳು ಬಾಯಿ ಹಾಕುತ್ತಿದ್ದವು.

"ಇದನ್ನ ನೊಣ ಅಂತ ನಂಬೋ ಮೀನಿಗೆ ಮೊದಲು ಕಣ್ಣು ಪರೀಕ್ಷೆ ಮಾಡಿಸ್ಬೇಕು," ಎಂದಳು ಅತ್ತಿಗೆ. "ಏನು ಸುತ್ತಿದೀಯೋ, ದಾರದ ಉಂಡೆ ಇದ್ದಂಗಿದೆ!"

ನಾದಿನಿ ಕೋಲನ್ನು ಅವಳ ಎಡಗೈಗೂ ದಾರವನ್ನು ಬಲಗೈಗೂ ಕೊಟ್ಟಳು. "ಭುಜ ಬೀಸಬೇಡಿ, ಮಣಿಕಟ್ಟು ಆಡಿಸಿ. ಬಲಗೈಗೆ ಜಾಸ್ತಿ ಕೆಲಸ ಇಲ್ಲ. ಮೀನು ಕಚ್ಚಿದ್ರೆ ದಾರ ಸೊಂಟದ ಹತ್ರ ಎಳ್ಕೊಳ್ಳಿ, ಸಾಕು."

ಈ ಸಲ ನೊಣ ಬಂಡೆಯ ನೆರಳಿನಲ್ಲಿ ಮೆತ್ತಗೆ ಇಳಿಯಿತು. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಬುಳಕ್ ಎಂಬ ಸಣ್ಣ ಸದ್ದು. ನೊಣ ಮಾಯ.

"ಎಳೀರಿ ಅತ್ತಿಗೆ! ಮೆತ್ತಗೆ, ಮೆತ್ತಗೆ!"

ಅತ್ತಿಗೆ ಎಳೆದಳು. ಕೋಲು ಬಾಗಿತು. ಬೆರಳುದ್ದದ ಮೀನೊಂದು ನೀರಿನಿಂದ ಎದ್ದು ಬಂದು ಅವಳೆದುರು ಮಿನುಗುತ್ತ ತೂಗಾಡಿತು. "ಬಂತು ಕಣೇ! ನಂಗೂ ಬಂತು!" ಎಂದು ಕೂಗುತ್ತ, ಮೀನಿನ ಮೂತಿಯ ಮೇಲಿದ್ದ ಕೂದಲೆಳೆಯಂಥ ದಾರವನ್ನು ಬಲಗೈಯ ಎರಡು ಬೆರಳಲ್ಲಿ ಹಿಡಿದಳು. ಹೊಲಿಗೆ ಮುಗಿದ ಕೂಡಲೇ ದಾರವನ್ನು ಬಾಯಿಗೆ ತಂದು ಹಲ್ಲಿನಿಂದ ಕಡಿಯುವುದು ಅವಳ ಹಳೆಯ ರೂಢಿ, ಕತ್ತರಿ ಪಕ್ಕದಲ್ಲೇ ಇದ್ದರೂ ಅಷ್ಟೆ. ಕೆಲಸ ಆಯಿತೆಂಬ ಸಂಭ್ರಮದಲ್ಲಿ ಈಗಲೂ ಅದನ್ನೇ ಮಾಡಿದಳು. ಕಟಕ್ಕನೆ ದಾರ ತುಂಡಾಯಿತು. ಮೀನು ನೊಣದ ಸಮೇತ ನೀರುಪಾಲು.

"ಅಯ್ಯೋ, ನನ್ನ ಬುದ್ಧಿಗಿಷ್ಟು! ಪಾಪ, ಕೊಕ್ಕೆ ಅದರ ಬಾಯಲ್ಲೇ ಉಳೀತಲ್ಲೇ!"

"ಆ ಕೊಕ್ಕೆಗೆ ಹಿಂದಕ್ಕೆ ಚುಚ್ಚೋ ಮುಳ್ಳಿಲ್ಲ, ತಾನಾಗೇ ಬಿದ್ದುಹೋಗುತ್ತೆ..." ನಾದಿನಿ ಬೆರಳು ತೋರಿಸಿದಳು. "ಅತ್ತಿಗೆ, ನಿಮ್ಮ ಕೈ..."

"ಕೈಗೇನಾಯ್ತು?"

ಬಲಗೈ ಇನ್ನೂ ಅವಳ ತುಟಿಯ ಹತ್ತಿರವೇ ಇತ್ತು. ಅತ್ತಿಗೆ ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದಳು. ಇಳಿಸಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂಬ ಹೆದರಿಕೆ. ಕೊನೆಗೆ ಧೈರ್ಯ ಮಾಡಿ ಇಳಿಸಿದಳು. ಹಲ್ಲು ಕಚ್ಚಿ ಮತ್ತೆ ಎತ್ತಿದಳು. ಕೈ ಅರ್ಧ ದಾರಿಯಲ್ಲಿ ನಿಂತಿತು, ಆಮೇಲೆ ಬಂತು. ಮೂಗು ಮುಟ್ಟಿತು, ಕೆನ್ನೆಯ ಮೇಲಿನ ನೀರು ಒರೆಸಿತು. ಆಸ್ಪತ್ರೆಯಲ್ಲಿ ಎಂಥೆಂಥದಕ್ಕೂ ಅಳದ ನಾದಿನಿ ಅವಳನ್ನು ಬಾಚಿ ತಬ್ಬಿಕೊಂಡು ಅತ್ತುಬಿಟ್ಟಳು.

ಅತ್ತಿಗೆ ಅವಳ ತಲೆಯನ್ನು ಬಲಗೈಯಿಂದಲೇ ಸವರಿದಳು. ಆಮೇಲೆ ಹೊಳೆಯತ್ತ ಬಗ್ಗಿ, ಮೀನು ಹೋದ ದಿಕ್ಕಿಗೆ ಹೇಳಿದಳು:

"ಎಲ್ಲಿದ್ದೀಯೋ ತಾಯಿ, ನಿನ್ನ ಹೊಟ್ಟೆ ತಣ್ಣಗಿರಲಿ."